ಲಿವರ್ ಬಯಾಪ್ಸಿ ಅಂದ್ರೆ ಕ್ಯಾನ್ಸರ್ ಅನುಮಾನವಾ?

ಪ್ರಶ್ನೆ: ನನಗೆ 41 ವರ್ಷ. ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇರುವುದು ಗೊತ್ತಾಗಿ ಆರು ವರ್ಷವಾಯಿತು. ಇನ್ನೂ ಮಾತ್ರೆ ಶುರು ಮಾಡಿಲ್ಲ. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ ಒಮ್ಮೆ ಸರಿ ಇರುತ್ತದೆ, ಒಮ್ಮೆ ಸ್ವಲ್ಪ ಜಾಸ್ತಿ ಬರುತ್ತದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, 6,000 ಆಸುಪಾಸು. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ 7.8 ಬಂದಿದೆ. ಈಗ ಡಾಕ್ಟರು ಬಯಾಪ್ಸಿ, ಅಂದರೆ ಸೂಜಿಯಿಂದ ಲಿವರ್‌ನ ಸಣ್ಣ ಎಳೆ ತೆಗೆದು ಪರೀಕ್ಷೆ, ಮಾಡೋಣ ಎನ್ನುತ್ತಿದ್ದಾರೆ. ಕ್ಯಾನ್ಸರ್ ಇರಬಹುದಾ? ಹೆಪಟೈಟಿಸ್ ಸಿ ಇದ್ದ ಗೆಳೆಯನಿಗೆ ಬಯಾಪ್ಸಿ ಇಲ್ಲದೆಯೇ ವಾಸಿಯಾಯಿತಲ್ಲ?

ಉತ್ತರ: ಮೊದಲು ಆ ಭಯ ಬಿಡಿ. ನೀವು ಬರೆದಿರುವುದರಲ್ಲಿ ಗೆಡ್ಡೆಯ ಮಾತೇ ಇಲ್ಲ. ಲಿವರ್‌ನಲ್ಲಿ ಉರಿಯೂತ ಎಷ್ಟಿದೆ, ಗಾಯ ಒಣಗಿ ಕಲೆ ಎಷ್ಟು ಕಟ್ಟಿದೆ ಅಂತ ನೋಡುವುದಕ್ಕೆ ಈ ಪರೀಕ್ಷೆ. ಕಲೆಯನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ, ಎಫ್4 ಅಂದರೆ ಸಿರೋಸಿಸ್, ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾದ ಹಂತ.

ನಿಮ್ಮ ಗೆಳೆಯನ ವಿಷಯ ಬೇರೆ. ಹೆಪಟೈಟಿಸ್ ಸಿಗೆ ಈಗ 8ರಿಂದ 12 ವಾರದ ಮಾತ್ರೆಗಳಲ್ಲೇ ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ವಾಸಿಯಾಗುತ್ತದೆ. ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕಾಲದಲ್ಲಿ ತೊಂದರೆ ಜಾಸ್ತಿ, ಗುಣ ಕಡಿಮೆ. ಆಗ ಯಾರಿಗೆ ಕೊಡಬೇಕು, ಯಾರು ಕಾಯಬಹುದು ಅಂತ ತಿಳಿಯಲು ಬಯಾಪ್ಸಿ ಬೇಕಿತ್ತು. ಈಗ ವೈರಸ್ ಇದ್ದರೆ ಬಹುತೇಕ ಎಲ್ಲರಿಗೂ ಮಾತ್ರೆ ಕೊಡುವುದೇ ತಾನೇ?

ಹೆಪಟೈಟಿಸ್ ಬಿ ಮಾತ್ರೆ ಹಾಗಲ್ಲ, ಶುರು ಮಾಡಿದರೆ ಸಾಮಾನ್ಯವಾಗಿ ವರ್ಷಗಟ್ಟಲೆ ನುಂಗಬೇಕು. ಅದಕ್ಕೇ ಡಾಕ್ಟರು ಅಳೆದು ತೂಗಿ ನೋಡುತ್ತಾರೆ. ನಿಮ್ಮ ಸ್ಕ್ಯಾನ್‌ನ 7.8, ಕಲೆ ಇಲ್ಲ ಅಂತಲೂ ಸಿರೋಸಿಸ್ ಅಂತಲೂ ಹೇಳಲಾಗದ ನಡುವಿನ ಸಂಖ್ಯೆ. ಎಎಲ್‌ಟಿ ಏರಿದ ದಿನ, ಇಲ್ಲವೇ ಊಟವಾದ ಮೇಲೆ ಸ್ಕ್ಯಾನ್ ಮಾಡಿಸಿದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಖಾಲಿ ಹೊಟ್ಟೆಯಲ್ಲಿ ಮಾಡಿಸಿದ್ರಾ? ಇಲ್ಲದಿದ್ದರೆ ಸೂಜಿಗೆ ಮುಂಚೆ ಅದನ್ನೇ ಇನ್ನೊಮ್ಮೆ ಮಾಡಿಸಿ. ಹಾಗಂತ ಬಯಾಪ್ಸಿಯೇ ಕೊನೆಯ ಮಾತು ಅಂತಲೂ ಅಲ್ಲ, ಸೂಜಿಯಲ್ಲಿ ಬರುವ ಎಳೆ ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು ಅಷ್ಟೇ, ಪಕ್ಕದ ಜಾಗದಲ್ಲಿ ಬೇರೆ ಹಂತ ಕಾಣಬಹುದು. ಆದರೆ ಕೊಬ್ಬೋ ಇನ್ನೊಂದು ಕಾಯಿಲೆಯೋ ಜೊತೆಗೆ ಸೇರಿಕೊಂಡು ಎಎಲ್‌ಟಿ ಏರಿಸುತ್ತಿದ್ದರೆ, ಅದನ್ನು ಬಯಾಪ್ಸಿ ಚೆನ್ನಾಗಿ ತೋರಿಸಿಕೊಡುತ್ತದೆ.

ಡಾಕ್ಟರನ್ನು ಇಷ್ಟು ಕೇಳಿ: "ಬಯಾಪ್ಸಿ ಇಲ್ಲದೆ ನೇರ ಮಾತ್ರೆ ಶುರು ಮಾಡಿದರೆ ಆಗಲ್ವಾ?" ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ಸ್ಕ್ಯಾನ್ 7 ದಾಟಿದರೆ ಚಿಕಿತ್ಸೆ ಕೊಡಬಹುದು ಎಂದಿದೆ. ಬೇರೆ ಕಾಯಿಲೆಯ ಅನುಮಾನ ಇಲ್ಲ ಅಂತಾದರೆ ನಾನು ಆ ಕಡೆಗೇ ವಾಲುತ್ತೇನೆ. ಅನುಮಾನ ಇದೆ ಎಂದರೆ ಮಾಡಿಸಿಕೊಳ್ಳಿ.

ಮಾಡಿಸುವುದಾದರೆ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲೇ ಆಗಬೇಕು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮರೆಯದೆ ಹೇಳಿ. ಜಾಗ ಮರಗಟ್ಟಿಸಿಯೇ ಸೂಜಿ ಹಾಕುತ್ತಾರೆ, ಆಮೇಲೆ ಕೆಲವು ಗಂಟೆ ಮಲಗಿರಬೇಕು. ಬಲ ಭುಜದಲ್ಲಿ ನೋವು ಬರುವುದು ಮಾಮೂಲು. ಜೋರು ರಕ್ತಸ್ರಾವ ಅಪರೂಪ, ಆದರೂ ಮನೆಗೆ ಬಂದ ಮೇಲೆ ತಲೆ ಸುತ್ತಿದರೆ, ಹೊಟ್ಟೆ ನೋವು ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.