ಜೋಗ, ಆಗುಂಬೆ ಬಿಟ್ಟರೆ ಸಾಗರ–ಹೊಸನಗರ–ತೀರ್ಥಹಳ್ಳಿ ಕಡೆ ನೋಡುವಂಥದ್ದು ಏನಿದೆ?

ಮೂರು ದಿನ ರಜೆ, ಸ್ವಂತ ಕಾರು, ಜೊತೆಗೆ ಅರವತ್ತು ದಾಟಿದ ಅಪ್ಪ ಅಮ್ಮ, ಜೋಗ–ಆಗುಂಬೆ ಆಗಲೇ ನೋಡಿದ್ದಾಗಿದೆ, ಜನಜಂಗುಳಿ ಬೇಡ ಎಂದಿದ್ದೀರಿ. ಹಾಗಾದರೆ ಜಲಪಾತಗಳ ಪಟ್ಟಿ ಹಿಡಿದು ಓಡಾಡಬೇಡಿ. ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕೆಳದಿ ಅರಸರ ರಾಜಧಾನಿಗಳು ಒಂದಾದ ಮೇಲೊಂದು ಇವೆ. ಕೆಳದಿ, ಇಕ್ಕೇರಿ, ಬಿದನೂರು, ಕೊನೆಗೆ ಕವಲೇದುರ್ಗ, ಇದೇ ಕ್ರಮದಲ್ಲಿ ಹೋಗಿ. ಒಂದೊಂದು ಹೆಜ್ಜೆಗೂ ಕಾಡು ದಟ್ಟವಾಗುತ್ತದೆ, ಮಳೆ ಹೆಚ್ಚಾಗುತ್ತದೆ, ಘಟ್ಟದ ಅಂಚು ಹತ್ತಿರವಾಗುತ್ತದೆ. ರಾಜಧಾನಿ ಯಾಕೆ ಹೀಗೆ ಒಳಒಳಗೆ ಸರಿಯಿತು ಎನ್ನುವುದು ದಾರಿಯಲ್ಲೇ ಗೊತ್ತಾಗುತ್ತದೆ.

ಸಾಗರದಲ್ಲಿ ಉಳಿದುಕೊಳ್ಳಿ. ಕೆಳದಿ ಅಲ್ಲಿಂದ ಏಳೆಂಟು ಕಿಲೋಮೀಟರ್. ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ, ಹೊರಗಿನಿಂದ ನೋಡಿದರೆ ಹೆಂಚಿನ ಮಾಡಿನ ದೊಡ್ಡ ಮನೆಯಂತೆ ಕಾಣುತ್ತವೆ. ಒಳಗೆ ಹೋದ ಮೇಲೆ ಕತ್ತೆತ್ತಿ. ವೀರಭದ್ರ ಗುಡಿಯ ಛಾವಣಿಯಲ್ಲಿ ಗಂಡಭೇರುಂಡವಿದೆ, ಪಾರ್ವತಿ ಗುಡಿಯಲ್ಲಿ ಮರದ ಕೆತ್ತನೆಯ ಛಾವಣಿ ಇದೆ. ಹೆಚ್ಚಿನವರು ಕೈಮುಗಿದು ಹತ್ತೇ ನಿಮಿಷದಲ್ಲಿ ಹೊರಬರುವುದರಿಂದ ಇದನ್ನೇ ತಪ್ಪಿಸಿಕೊಳ್ಳುತ್ತಾರೆ. ಫೋನಿನ ಟಾರ್ಚ್ ಸಾಲದು, ಸಣ್ಣದೊಂದು ಬ್ಯಾಟರಿ ಇಟ್ಟುಕೊಳ್ಳಿ. ಊರಿನಲ್ಲೇ ತಾಳೆಗರಿ, ಕಡತಗಳ ವಸ್ತುಸಂಗ್ರಹಾಲಯವೂ ಇದೆ. ಶಿವಾಜಿಯ ಮಗ ರಾಜಾರಾಮನಿಗೆ ಔರಂಗಜೇಬನ ಸೈನ್ಯವನ್ನು ಲೆಕ್ಕಿಸದೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ಇದೇ ಮನೆತನದ ರಾಣಿ ಎಂದು ಅಪ್ಪ ಅಮ್ಮನಿಗೆ ಮೊದಲೇ ಹೇಳಿಟ್ಟರೆ ಅವರಿಗೂ ಕುತೂಹಲ ಹುಟ್ಟುತ್ತದೆ.

ಇಕ್ಕೇರಿ ಸಾಗರದಿಂದ ದಕ್ಷಿಣಕ್ಕೆ ಆರು ಕಿಲೋಮೀಟರ್. ಇಡೀ ಪ್ರವಾಸದಲ್ಲಿ ಒಂದೇ ಜಾಗಕ್ಕೆ ಸಮಯವಿದೆ ಎಂದಾದರೆ ಅದು ಅಘೋರೇಶ್ವರ ದೇವಸ್ಥಾನಕ್ಕೇ ಸಲ್ಲಬೇಕು. ಎದುರಿನ ಮಂಟಪದ ನಂದಿಯ ಫೋಟೋ ಎಲ್ಲರೂ ತೆಗೆಯುತ್ತಾರೆ. ನೀವು ಒಳಗೆ ನೆಲ ನೋಡಿ. ಗರ್ಭಗುಡಿಯ ಮುಂದಿನ ಹಾಸುಗಲ್ಲಿನಲ್ಲಿ ಅಡ್ಡಬಿದ್ದ ಮೂವರು ಅರಸರ ಉಬ್ಬುಚಿತ್ರಗಳಿವೆ, ತಲೆಯ ಮೇಲ್ಗಡೆ ಹೆಸರು ಕೊರೆದಿದೆ, ಒಬ್ಬನ ಕೈಕಾಲಿಗೆ ಬೇಡಿ ಇದೆ. ಅದು ಹುಚ್ಚ ಸೋಮಶೇಖರನದು ಎನ್ನುತ್ತಾರೆ. ದೇವರ ಪೀಠ ಗರ್ಭಗುಡಿಯ ಬಹುಪಾಲನ್ನು ತುಂಬಿಕೊಂಡಿದೆ, ಅದರ ಸುತ್ತ ಮೂವತ್ತೆರಡು ಶಕ್ತಿಯರು ಕೂತಿದ್ದಾರೆ. ಬಾಗಿಲಿನಿಂದ ಎಲ್ಲ ಕಾಣುವುದಿಲ್ಲ, ಅರ್ಚಕರನ್ನು ಕೇಳಿದರೆ ದೀಪ ಹಿಡಿದು ತೋರಿಸಿಯಾರು. ಇನ್ನೊಂದು ಸಂಗತಿ ಅಡಿಕೆ ಬೆಳೆಗಾರರಿಗೆ ಹಿಡಿಸೀತು: ಈ ಗುಡಿಯ ನಡುಗಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ತೋಟದ ಅಳತೆಗೋಲಾಗಿತ್ತು. 18 ಅಡಿ 6 ಅಂಗುಲ, ಒಂದು 'ದಾಯ'. ಟೇಪು ಹಿಡಿದು ಅಳೆಯಲು ಅಪ್ಪಣೆ ಸಿಗುವುದು ಅನುಮಾನ, ಹೆಜ್ಜೆ ಹಾಕಿ ನೋಡಬಹುದು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿಬಿಟ್ಟರೆ ಇದರಲ್ಲಿ ಅರ್ಧ ಕೈತಪ್ಪುತ್ತದೆ, ಆದ್ದರಿಂದ ಇಕ್ಕೇರಿಯನ್ನು ಬೆಳಗ್ಗೆ ಮುಗಿಸಿ ಕೆಳದಿಯನ್ನು ಸಂಜೆಗೆ ಇಟ್ಟುಕೊಂಡರೂ ನಡೆದೀತು. ಇತಿಹಾಸದ ಕ್ರಮ ಒಂದು ದಿನದ ಮಟ್ಟಿಗೆ ತಲೆಕೆಳಗಾದರೆ ಪ್ರಳಯವೇನಿಲ್ಲ.

ಎರಡನೇ ದಿನ ಹೊಸನಗರ ಹಾದು ನಗರಕ್ಕೆ. ಹೆಸರು ಕೇಳಿ ಪಟ್ಟಣ ಎಂದುಕೊಳ್ಳಬೇಡಿ, ಈಗ ಅದೊಂದು ಸಣ್ಣ ಪೇಟೆ. ಬಿಜಾಪುರದ ಸೇನೆ ಇಕ್ಕೇರಿಯ ಮೇಲೆ ಬಿದ್ದ ಮೇಲೆ ರಾಜಧಾನಿ ಬಂದದ್ದು ಇಲ್ಲಿಗೆ, ಆಗ ಇದು ಬಿದನೂರು. 'ಶಿಸ್ತು' ಎಂಬ ಭೂಕಂದಾಯ ಪದ್ಧತಿ ತಂದ ಶಿವಪ್ಪನಾಯಕ ಆಳಿದ್ದು ಇಲ್ಲಿಂದ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದ, ಉಳಿದದ್ದು ಬರೀ ನಗರ. ಕೋಟೆ ರಸ್ತೆಗೆ ಹತ್ತಿರದಲ್ಲೇ ಇದೆ, ಏರು ಕಡಿಮೆ, ಹಿರಿಯರು ನಿಧಾನಕ್ಕೆ ಹತ್ತಬಹುದು. ದರ್ಬಾರಿನ ಅಡಿಪಾಯ, ಅಕ್ಕ-ತಂಗಿ ಕೊಳ, ಕಾವಲು ಬುರುಜು ಎಲ್ಲ ನೋಡಲು ಒಂದೂವರೆ ಗಂಟೆ ಸಾಕು. ಇಲ್ಲಿಂದ ಮೂರ್ನಾಲ್ಕು ಕಿಲೋಮೀಟರಿನ ದೇವಗಂಗೆಯನ್ನು ಮಾತ್ರ ಬಿಡಬೇಡಿ. ಬೆಟ್ಟದ ನೀರನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿ ಕಟ್ಟಿದ ಕಲ್ಲಿನ ಕೊಳಗಳ ಸಾಲು, ಒಂದೊಂದಕ್ಕೆ ಒಂದೊಂದು ಆಕಾರ. ಯಾವ ತೂಬಿನಿಂದ ನೀರು ಬಂದು ಎಲ್ಲಿ ಹೊರಬೀಳುತ್ತದೆ ಎಂದು ದಂಡೆಯುದ್ದಕ್ಕೂ ನಡೆದು ನೋಡಿ, ಕಟ್ಟಿದವರ ಬುದ್ಧಿ ಅಲ್ಲಿದೆ. ಸೋಪು ಹಾಕಿ ಈಜಲು ಇಳಿಯುವವರ ಕಾಟ ಆಗಾಗ ಇರುತ್ತದೆ, ನೀವು ಆ ಪಟ್ಟಿಗೆ ಸೇರಬೇಡಿ.

ಕೊಡಚಾದ್ರಿ ಹತ್ತಿರವೇ ಇದೆಯಲ್ಲ ಎಂದು ಆಸೆಯಾಗುತ್ತದೆ. ಬೇಡ. ಜೀಪಿನ ಕುಲುಕಾಟ ಹಿರಿಯರ ಸೊಂಟಕ್ಕೆ ಆಗಿಬರುವುದಿಲ್ಲ, ಶನಿವಾರ ಭಾನುವಾರ ಅಲ್ಲಿ ನೀವು ಬೇಡವೆಂದ ಜನಜಂಗುಳಿಯೇ ಇರುತ್ತದೆ. ಆ ಅರ್ಧ ದಿನವನ್ನು ಹುಂಚಕ್ಕೆ ಕೊಡಿ. ಸಾಂತರ ಅರಸರ ಹೊಂಬುಜ ಅದು, ಜೈನರ ಕ್ಷೇತ್ರ. ಪದ್ಮಾವತಿ ಅಮ್ಮನ ದರ್ಶನಕ್ಕೆ ಜನ ಬರುತ್ತಾರೆ, ಅಲ್ಲೇ ಇರುವ 1077ರ ಪಂಚಕೂಟ ಬಸದಿಯ ಹತ್ತಿರ ಅಷ್ಟು ಜನ ಇರುವುದಿಲ್ಲ. ಚರ್ಮದ ಬೆಲ್ಟು, ಪರ್ಸು ಕಾರಿನಲ್ಲೇ ಬಿಟ್ಟು ಹೋಗಿ.

ಕವಲೇದುರ್ಗಕ್ಕೆ ಮೂರನೇ ದಿನದ ಬೆಳಗು ಮೀಸಲು. ನಗರ–ತೀರ್ಥಹಳ್ಳಿ ರಸ್ತೆಯಿಂದ ಒಳಗೆ ತಿರುಗಬೇಕು, ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಆಸುಪಾಸು. ಊರಿನಲ್ಲಿ ಕಾರು ನಿಲ್ಲಿಸಿ ಗದ್ದೆ ಬದಿಯಲ್ಲಿ ನಡೆದು ಹೋದರೆ ಕಲ್ಲುಹಾಸಿನ ದಾರಿ ಸಿಗುತ್ತದೆ. ಒಂದರೊಳಗೊಂದು ಕೋಟೆಗೋಡೆ, ಪ್ರತಿ ಬಾಗಿಲಿಗೂ ಕಾವಲುಗಾರರ ಜಗಲಿ. ಒಳಗೆ ಅರಮನೆಯ ತಳಪಾಯದಲ್ಲಿ ಐದು ಉರಿಯ ಕಲ್ಲಿನ ಒಲೆ ಹಾಗೇ ಉಳಿದಿದೆ. ಕಾಶಿ ವಿಶ್ವನಾಥನ ಗುಡಿ ದಾಟಿ ಇನ್ನೂ ಮೇಲೆ ಹೋದರೆ ಬಂಡೆಯ ತುದಿಯಲ್ಲಿ ಸಣ್ಣದೊಂದು ಗುಡಿ, ಕೆಳಗೆ ಹಿನ್ನೀರು. ಹೋಗಿಬರಲು ಮೂರು ಗಂಟೆ ಇಟ್ಟುಕೊಳ್ಳಿ. ಮೇಲೆ ಅಂಗಡಿ ಇಲ್ಲ, ತಲೆಗೊಂದು ಲೀಟರ್ ನೀರು ಹೊತ್ತುಕೊಂಡೇ ಹೋಗಿ. ಇಲ್ಲಿ ಜಾರಿ ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ: ಹಾಸುಗಲ್ಲು ಸವೆದು ನುಣುಪಾಗಿದೆ, ನೆರಳಿರುವ ಕಡೆ ಹಾವಸೆ ಕಟ್ಟಿ ಮಳೆ ನಿಂತು ವಾರವಾದರೂ ಒಣಗುವುದಿಲ್ಲ. ಕಲ್ಲಿನ ನಡುಭಾಗ ಬಿಟ್ಟು ಅಂಚಿನ ಮಣ್ಣಿನ ಮೇಲೆ ಕಾಲಿಡಿ, ಅಪ್ಪ ಅಮ್ಮನಿಗೆ ಒಂದೊಂದು ಕೋಲು ಕೊಡಿ. ಮಂಡಿ ನೋವಿದ್ದರೆ ಮೊದಲ ಬಾಗಿಲಿನ ಜಗಲಿವರೆಗೆ ಬಂದು ಕೂರಲಿ. ಅವರಿಗೆ ಎತ್ತರದ ನೋಟ ಬೇಕೇಬೇಕೆಂದರೆ ಸಂಜೆಗೆ ಕುಂದಾದ್ರಿ ಇದೆ, ಬೆಟ್ಟದ ಮೇಲಿನ ಬಸದಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ಏರು ಕಡಿದು, ತಿರುವು ಚಿಕ್ಕದು, ಇಳಿಯುವಾಗ ಒಂದನೇ ಗೇರಿನಲ್ಲೇ ಬನ್ನಿ.

ಯಾವಾಗ ಬರಬೇಕು ಎನ್ನುವುದೇ ಎಲ್ಲಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿನಲ್ಲಿ ಕೋಟೆಯೇ ಕಾಣದಿರಬಹುದು, ಉಂಬಳ, ಅಂದರೆ ಜಿಗಣೆಯಂತೂ ಖಂಡಿತ. ಬೂಟು ಹಾಕಿದರೆ ಅದು ಒಳಗೆ ಸೇರಿದ್ದೇ ತಿಳಿಯುವುದಿಲ್ಲ. ಪಟ್ಟಿ ಇರುವ ಚಪ್ಪಲಿ ಹಾಕಿ, ಕಾಲಿಗೆ ಸುಣ್ಣ-ಹೊಗೆಸೊಪ್ಪು ಸವರಿ, ಆಗಾಗ ನಿಂತು ನೋಡಿಕೊಳ್ಳಿ. ಕಚ್ಚಿದ್ದನ್ನು ಎಳೆದು ಕೀಳಬೇಡಿ, ಸುಣ್ಣ ಅಥವಾ ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುವುದು ಸಹಜ, ಆದರೆ ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಆ ತಿಂಗಳುಗಳಲ್ಲಿ ಕರೆತರಲೇಬೇಡಿ. ಬೇಸಿಗೆಗೆ ಬಂದರೆ ಬೇರೆಯೇ ತೊಂದರೆ: ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಮಂಗ ಸತ್ತಿದೆ ಎಂದು ಊರವರು ಹೇಳಿದ ಕಡೆ ಕಾಡಿಗೆ ಕಾಲಿಡಬೇಡಿ, ತರಗೆಲೆ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಇದೆಯೇ ಕೇಳಿ, ರೂಮಿಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಹಾಗಾಗಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಬನ್ನಿ. ನೀರು ಹರಿಯುತ್ತಿರುತ್ತದೆ, ಕಲ್ಲು ಒಣಗಿರುತ್ತದೆ.

ಮ್ಯಾಪ್ ಹೇಳಿದ ಅಡ್ಡದಾರಿ ಹಿಡಿಯಬೇಡಿ, ಯಾರದೋ ತೋಟದ ಗೇಟಿಗೆ ಹೋಗಿ ನಿಲ್ಲುತ್ತೀರಿ. ನೆಟ್‌ವರ್ಕ್ ನೆಚ್ಚದೆ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲು, ನಗದು ಎರಡನ್ನೂ ಸಾಗರ ಅಥವಾ ಹೊಸನಗರದಲ್ಲೇ ತುಂಬಿಸಿಕೊಳ್ಳಿ. ಹೋಂಸ್ಟೇಯಲ್ಲಿ ಊಟ ಬೇಕಿದ್ದರೆ ಹಿಂದಿನ ದಿನವೇ ತಿಳಿಸಿ, ಅವರು ಅಡುಗೆಗಿಡುವುದು ತಲೆ ಎಣಿಸಿ. ಕಾರು ಬೇಡ ಎನಿಸಿದರೆ ಬೆಂಗಳೂರು–ತಾಳಗುಪ್ಪ ರಾತ್ರಿ ರೈಲಿಗೆ ಬಂದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ. ಕೆಳದಿ, ಇಕ್ಕೇರಿ ಆಟೋದಲ್ಲಿ ಆಗುತ್ತದೆ, ನಗರದವರೆಗೆ ಬಸ್ಸೂ ಸಾಕು. ಕವಲೇದುರ್ಗಕ್ಕೆ ಮಾತ್ರ ತೀರ್ಥಹಳ್ಳಿಯಿಂದ ಗಾಡಿ ಗೊತ್ತುಮಾಡಿ, ಕಾಯುವುದಕ್ಕೂ ಸೇರಿಸಿ ಬಾಡಿಗೆಯನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.