ಟಿಬಿ ಕ್ರಿಮಿಗೆ ನಮ್ಮ ರಕ್ತಕಣಗಳೇ ನೆರವಾಗ್ತವಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ ಶ್ವಾಸಕೋಶದ ಟಿಬಿ. ಮಾತ್ರೆ ಶುರುವಾಗಿ ಒಂದೂವರೆ ತಿಂಗಳಾಯಿತು, ಕೆಮ್ಮು ಕಮ್ಮಿಯಾಗಿದೆ. ನಮ್ಮದೇ ಕೆಲವು ಬಿಳಿ ರಕ್ತಕಣಗಳು ಟಿಬಿ ಕ್ರಿಮಿಗೆ ನೆರವಾಗುತ್ತವೆ ಅಂತ ಓದಿದೆ. ನಿಜವಾ? ಹಾಗಿದ್ದರೆ ಇಮ್ಯುನಿಟಿ ಬೂಸ್ಟರ್ ಪುಡಿ ಕೊಡಬಹುದಾ?
– ಒಬ್ಬ ಓದುಗರು, ಹಾವೇರಿ

ಉತ್ತರ: ಓದಿದ್ದು ನಿಜ. ಪುಡಿ ಬೇಡ.

ಆ ಕಣಗಳಿಗೆ ಎಂಡಿಎಸ್‌ಸಿ ಅಂತಾರೆ, ಅಂದರೆ ಮೈಲಾಯ್ಡ್ ಡಿರೈವ್ಡ್ ಸಪ್ರೆಸರ್ ಸೆಲ್. 2007ರಲ್ಲಿ ಈ ಹೆಸರಿಟ್ಟವರು ಕ್ಯಾನ್ಸರ್ ಸಂಶೋಧಕರು. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಪೂರ್ತಿ ಬಲಿಯುವ ಮೊದಲೇ ರಕ್ತಕ್ಕೆ ಇಳಿಯುತ್ತವೆ. ಜಗಳ ಬಿಡಿಸೋಕೆ ಬಂದವರಿದ್ದ ಹಾಗೆ ಇವು. ಉರಿಯೂತ ಮಿತಿಮೀರಿ ನಮ್ಮ ಅಂಗಕ್ಕೇ ಪೆಟ್ಟಾಗದ ಹಾಗೆ ನೋಡಿಕೊಳ್ಳುತ್ತವೆ, ಹಾಗಾಗಿ ಇವು ಬೇಕೇ ಬೇಕು. ತೊಂದರೆ ಬರೋದು ಟಿಬಿಯಂಥ ತಿಂಗಳುಗಟ್ಟಲೆ ಎಳೆಯುವ ಸೋಂಕಿನಲ್ಲಿ. ಜಗಳ ಮುಗಿಯೋದೇ ಇಲ್ಲ, ಬಿಡಿಸೋಕೆ ಬಂದವರು ಮನೆಗೂ ಹೋಗಲ್ಲ.

ಏನು ಮಾಡುತ್ತವೆ ಅಂದರೆ, ಟಿಬಿ ವಿರುದ್ಧ ಹೋರಾಡುವ ಟಿ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕಲ್ವಾ, ಅದಕ್ಕೆ ಆರ್ಜಿನೈನ್ ಅನ್ನೋ ಅಮೈನೋ ಆಮ್ಲ ಬೇಕು. ಎಂಡಿಎಸ್‌ಸಿಗಳು ಆರ್ಜಿನೇಸ್ ಎಂಬ ಕಿಣ್ವದಿಂದ ಅಕ್ಕಪಕ್ಕದ ಆರ್ಜಿನೈನನ್ನೇ ಖಾಲಿ ಮಾಡಿಬಿಡುತ್ತವೆ. ಟಿ ಕಣ ಅಲ್ಲೇ ಇರುತ್ತದೆ, ಆದರೆ ಹೆಚ್ಚಲ್ಲ. ಸಾಲದ್ದಕ್ಕೆ, ಟಿಬಿ ಕ್ರಿಮಿ ಈ ಕಣಗಳ ಒಳಗೇ ಸೇರಿಕೊಂಡಿದ್ದನ್ನೂ ಇಲಿಗಳಲ್ಲಿ ನೋಡಿದ್ದಾರೆ.

ಈಗ ಪುಡಿಯ ವಿಷಯ. ಎಂಡಿಎಸ್‌ಸಿ ಕೂಡ ಇಮ್ಯುನಿಟಿಯ ಭಾಗವೇ. ನಿಮ್ಮ ಡಬ್ಬಿ ಯಾವ ಕಣವನ್ನು 'ಬೂಸ್ಟ್' ಮಾಡುತ್ತದಂತೆ? ವಿಟಮಿನ್ ಎ ಬಳಗದ ರೆಟಿನೋಯಿಕ್ ಆಮ್ಲ ಕೊಟ್ಟಾಗ ಇಲಿಗಳಲ್ಲಿ ಈ ಕಣಗಳೂ ಕ್ರಿಮಿಗಳೂ ಕಮ್ಮಿಯಾದವು, ನಿಜ. ಹಾಗಂತ ಸುಮ್ನೆ ವಿಟಮಿನ್ ಎ ಮಾತ್ರೆ ತಂದು ನುಂಗಿಸಬೇಡಿ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಟಿಬಿ ಮಾತ್ರೆಗಳೇ ಲಿವರ್ ಮೇಲೆ ಭಾರ, ಅದರ ಮೇಲೆ ಗೊತ್ತುಗುರಿಯಿಲ್ಲದ ಪುಡಿ ಯಾಕೆ?

ನಿಮ್ಮ ತಮ್ಮ ಈಗ ನುಂಗುತ್ತಿರುವ ಮಾತ್ರೆಗಳೇ ಈ ಕಣಗಳನ್ನು ಕಮ್ಮಿ ಮಾಡುವ ಕೆಲಸವನ್ನೂ ಮಾಡುತ್ತವೆ. ದಕ್ಷಿಣ ಆಫ್ರಿಕಾದ ಟಿಬಿ ರೋಗಿಗಳ ರಕ್ತದಲ್ಲಿ ಹೆಚ್ಚಿದ್ದ ಎಂಡಿಎಸ್‌ಸಿಗಳು ಚಿಕಿತ್ಸೆ ಫಲಿಸಿದ ಮೇಲೆ ತಾವಾಗಿಯೇ ಇಳಿದಿದ್ದವು. ಕೆಮ್ಮು ನಿಂತಿತು ಅಂತ ನಡುವೆ ಬಿಡದೆ, ಸಾಮಾನ್ಯ ಟಿಬಿಗೆ ಆರು ತಿಂಗಳು ಪೂರ್ತಿ ನುಂಗಲಿ. ಮೊಟ್ಟೆ, ಶೇಂಗಾ, ಬೇಳೆ ತಿನ್ನಲಿ. ಟಿಬಿ ರೋಗಿಗಳಿಗೆಂದೇ ಇರುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೇ ಬರುತ್ತದೆ, ಪುಡಿಗೆ ಸುರಿಯುವ ಬದಲು ಅದನ್ನು ಊಟಕ್ಕೆ ಬಳಸಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.