ಪಾಷಾಣ್ ಕೆರೆಯ ಕೆಂಪು ಏರೋಪ್ಲೇನ್ ಚಿಟ್ಟೆಯ ಗುರುತು

ನಮಸ್ಕಾರ. ಪುಣೆಯ ಪಾಷಾಣ್ ಕೆರೆಯ ದಂಡೆಯಲ್ಲಿ ನೀವು ಚಿತ್ರ ತೆಗೆದ ಕೆಂಪು ಏರೋಪ್ಲೇನ್ ಚಿಟ್ಟೆ ಕ್ರೋಕೋಥೆಮಿಸ್ ಸರ್ವಿಲಿಯಾ ಇರಬಹುದೇ ಅಥವಾ ಟ್ರೈಥೆಮಿಸ್ ಅರೋರಾ ಎಂಬ ಇನ್ನೊಂದು ಪ್ರಭೇದ ಇರಬಹುದೇ ಎಂದು ಕೇಳಿದ್ದೀರಿ. ಕಾಲುಗಳು ಕಪ್ಪಾಗಿದ್ದು, ರೆಕ್ಕೆಯ ನರಗಳೂ ಕೆಂಪಾಗಿ ಕಾಣುತ್ತಿರುವುದರಿಂದ ಅದು ಅರೋರಾದ ಗಂಡು ಎಂಬುದು ನನ್ನ ಅಭಿಪ್ರಾಯ. ಸರ್ವಿಲಿಯಾದ ಗಂಡಿನಲ್ಲಿ ಕಾಲುಗಳು ಕೆಂಪು ಛಾಯೆಯವು. ಅದರ ಹೊಟ್ಟೆಯ ಮೇಲ್ಭಾಗದ ನಡುವೆ ತೆಳುವಾದ ಕಪ್ಪು ಗೆರೆಯೊಂದು ಉದ್ದಕ್ಕೂ ಹರಿದಿರುತ್ತದೆ. ಹಿಂರೆಕ್ಕೆಯ ಬುಡದ ಜೇನುಬಣ್ಣದ ಮಚ್ಚೆ ಎರಡರಲ್ಲೂ ಇರುವುದರಿಂದ ಅದನ್ನು ನೆಚ್ಚಬೇಡಿ. ಮೈಬಣ್ಣವನ್ನಂತೂ ನೆಚ್ಚಲೇಬಾರದು, ಏಕೆಂದರೆ ಎಳೆಯ ಗಂಡುಗಳು ಹೆಣ್ಣುಗಳಂತೆಯೇ ಹಳದಿಯಾಗಿರುತ್ತವೆ.

ಮುಂದಿನ ಸಲ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಪಕ್ಕದ ಚಿತ್ರದಲ್ಲಿ ಕ್ಯಾಮೆರಾ ದೇಹಕ್ಕೆ ಸಮಾನಾಂತರವಾಗಿದ್ದರೆ ತಲೆಯಿಂದ ಬಾಲದ ತುದಿಯವರೆಗೂ ಸ್ಪಷ್ಟತೆ ಸಿಗುತ್ತದೆ. ಬಿಸಿಲಿನಲ್ಲಿ ಕೆಂಪು ಬಣ್ಣ ಅತಿಯಾಗಿ ತುಂಬಿಕೊಂಡು ಆ ಕಪ್ಪು ಗೆರೆಯಂತಹ ಸೂಕ್ಷ್ಮ ವಿವರಗಳೇ ಅಳಿಸಿಹೋಗುವುದುಂಟು, ಆದ್ದರಿಂದ ಎಕ್ಸ್‌ಪೋಷರನ್ನು (ಕ್ಯಾಮೆರಾಕ್ಕೆ ಬೀಳುವ ಬೆಳಕನ್ನು) ತುಸು ತಗ್ಗಿಸಿರಿ. ಏರೋಪ್ಲೇನ್ ಚಿಟ್ಟೆಗಳ ತೆಳು ಮೈಯ ಹತ್ತಿರದ ಬಂಧುಗಳಾದ ಡ್ಯಾಮ್ಸೆಲ್‌ಫ್ಲೈಗಳಲ್ಲಿ ಬಾಲದ ತುದಿಯ ಉಪಾಂಗಗಳು (ಪುಟ್ಟ ಚಾಚುಗಳು) ಗುರುತಿಗೆ ಬಹಳ ಮುಖ್ಯವಾದ್ದರಿಂದ ಅವುಗಳ ಹತ್ತಿರದ ಚಿತ್ರವೂ ಬೇಕಾಗುತ್ತದೆ. ದಯವಿಟ್ಟು ಹಿಡಿದು ನೋಡಲು ಹೋಗಬೇಡಿ. ಹಾರಿಹೋದ ಗಂಡು ಬಹುತೇಕ ಅದೇ ಕಡ್ಡಿಗೆ ಮರಳಿ ಬಂದು ಕೂರುತ್ತದೆ.